ಫೋರ್ಸು ಯಾರಪ್ಪನ ಮನೇದು?

ಬಾತ್‌ರೂಮಿನ ಬಗ್ಗೆ ನಾವು ಮಾಡೋ ದೂರುಗಳಲ್ಲಿ ಅರ್ಧಕ್ಕರ್ಧ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ: "ನೀರು ಫೋರ್ಸಾಗಿ ಬರ್ತಿಲ್ಲ." ಪ್ಲಂಬರ್‌ಗೆ ಫೋನ್ ಮಾಡಿದರೂ ಇದೇ ಮಾತು, ಮನೆ ಓನರ್‌ಗೆ ಮೆಸೇಜ್ ಹಾಕಿದರೂ ಇದೇ ಮಾತು. ಆದರೆ ಈ 'ಫೋರ್ಸ್' ಅನ್ನೋ ಒಂದು ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ತೂರಿಕೊಂಡಿವೆ. ಒಂದು ಒತ್ತಡ, ಇನ್ನೊಂದು ಹರಿವು. ನಲ್ಲಿ ಮುಚ್ಚಿದ್ದಾಗ ಪೈಪಿನೊಳಗೆ ಒತ್ತಡ ಇರುತ್ತೆ, ಹರಿವು ಇರಲ್ಲ. ನಲ್ಲಿ ತಿರುಗಿಸಿದ ಕೂಡಲೇ ಹರಿವು ಶುರುವಾಗುತ್ತೆ, ಒತ್ತಡ ಇಳಿಯೋಕೆ ಶುರುವಾಗುತ್ತೆ.

ಇದನ್ನ ಒಂದು ಬೀದಿಗೆ ಹಿಗ್ಗಿಸಿ ನೋಡಿ. ಸಮತಟ್ಟಾದ ಬೀದಿ, ಒಂದೇ ಪೈಪು, ಸಾಲಾಗಿ ಇಪ್ಪತ್ತೆರಡು ಮನೆ. ಪೈಪ್ ತುಂಬಿದೆ, ಎಲ್ಲಾ ಮನೆಯ ನಲ್ಲಿಗಳೂ ಮುಚ್ಚಿವೆ ಅಂದುಕೊಳ್ಳಿ. ಆಗ ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಒತ್ತಡ ಒಂದೇ. ಮೀಟರ್ ಇಟ್ಟು ಅಳೆದರೂ ಕೂದಲೆಳೆ ವ್ಯತ್ಯಾಸ ಸಿಗಲ್ಲ. ಮೊದಲ ಮನೆಯವರು ನಲ್ಲಿ ತಿರುಗಿಸಿದ ಕ್ಷಣದಿಂದ ಆ ಸಮಾನತೆ ಮುಗೀತು. ಅಂದ್ರೆ ಯಾರೂ ಬಳಸದೇ ಇರೋವರೆಗೆ ಮಾತ್ರ ಎಲ್ಲರೂ ಸಮಾನರು. ಇದನ್ನ ಓದಿ ನಿಮಗೆ ಬೇರೆ ಯಾವುದೋ ಹಕ್ಕುಗಳ ನೆನಪಾದರೆ ಅದು ಪೈಪಿನ ತಪ್ಪಲ್ಲ.

ಬೆಂಗಳೂರಲ್ಲಿ 'ನೀರು ಬಂತು' ಅಂತಾರೆ. ನಮ್ಮ ಹೊಸಪೇಟೆ ಕಡೆ 'ನೀರು ಬಂದ್ವು' ಅಂತಾರೆ. ನಮ್ಮಲ್ಲಿ ನೀರು ಬಹುವಚನ. ಚಿಕ್ಕಂದಿನಲ್ಲಿ ಇದಕ್ಕೆ ಮೇಷ್ಟ್ರು ಕೆಂಪು ಇಂಕಲ್ಲಿ ಗೆರೆ ಎಳೀತಿದ್ದರು. ಈಗ ಅನ್ನಿಸುತ್ತೆ, ನಲ್ಲಿ ನೀರಿನ ಮಟ್ಟಿಗಾದರೂ ನಮ್ಮ ವ್ಯಾಕರಣವೇ ಸರಿ.

ವಿಷಯಕ್ಕೆ ಬರ್ತೀನಿ. ಹೊಸಪೇಟೆಯಲ್ಲಿರೋ ನಮ್ಮ ಅಕ್ಕ ಟ್ಯಾಂಕ್ ಇಲ್ಲದ ಗೀಸರ್ ತಗೊಂಡಿದ್ದಾಳೆ. ಅದರೊಳಗೆ ನೀರು ಕೂಡಿಟ್ಟು ಕಾಯಿಸೋ ವ್ಯವಸ್ಥೆ ಇಲ್ಲ. ನೀರು ಹರಿದು ಹೋಗ್ತಾ ಹೋಗ್ತಾನೇ ಬಿಸಿಯಾಗುತ್ತೆ. ಅವಳ ಅತ್ತೆಗೆ ಮಂಡಿನೋವು. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರ್ತಾರೆ, ಬಿಸಿನೀರು ಬೀಳದ ಹೊರತು ಕಾಲು ಮಡಚೋಕೆ ಆಗಲ್ಲ. ಹಂಡೆ ಉರಿ ಹಾಕೋ ಕಾಲ ಹೋಯ್ತು. ದೊಡ್ಡ ಗೀಸರ್ ಕಾಯೋವರೆಗೆ ಕಾಯೋಕೆ ಅವರಿಗೆ ಆಗಲ್ಲ. ಹಾಗಾಗಿ ಇದು.

ಗೀಸರ್ ಬಂತು, ಗೋಡೆಗೆ ಕೂತಿತು, ಆದರೆ ಬಿಸಿನೀರು ಬರಲಿಲ್ಲ. ಒಮ್ಮೆ ಕೈ ಸುಡುವಷ್ಟು ಬಿಸಿ, ಮರುಕ್ಷಣ ತಣ್ಣೀರು, ಮತ್ತೆ ಬಿಸಿ, ಮತ್ತೆ ತಣ್ಣಗೆ. ಇದು ಗೀಸರ್‌ನ ದೋಷ ಅಲ್ಲ. ಅದರೊಳಗೆ ಒಂದು ಸಣ್ಣ ಸ್ವಿಚ್ ಇರುತ್ತೆ. ಸಾಕಷ್ಟು ನೀರು ಹರೀತಿದೆ ಅಂತ ಅದಕ್ಕೆ ಖಾತ್ರಿಯಾದರೆ ಮಾತ್ರ ಕಾಯಿಲ್‌ಗೆ ಕರೆಂಟ್ ಬಿಡುತ್ತೆ. ಇಂಥ ಗೀಸರ್‌ಗಳಿಗೆ ಸಾಮಾನ್ಯವಾಗಿ ನಿಮಿಷಕ್ಕೆ ಒಂದೂವರೆ, ಎರಡು ಲೀಟರಾದರೂ ಬೇಕು. ಅದಕ್ಕಿಂತ ಕಮ್ಮಿ ಹರಿದರೆ ಕಾಯಿಲ್ ಸುಟ್ಟು ಹೋಗುತ್ತಲ್ಲ, ಅದಕ್ಕೇ ಈ ಕಾವಲು. ಅಕ್ಕನ ಮನೇಲಿ ಹರಿವು ಸರಿಯಾಗಿ ಆ ಗಡಿಯ ಮೇಲೆ ಓಲಾಡ್ತಿತ್ತು.

ಇಲ್ಲೊಂದು ಲೆಕ್ಕ ಹೇಳಬೇಕು, ಯಾಕಂದ್ರೆ ಮುಂದಿನ ನೈತಿಕ ಜಗಳವೆಲ್ಲ ಇದರ ಮೇಲೇ ನಿಂತಿದೆ. ಗೀಸರ್ 3 ಕಿಲೋವಾಟ್‌ನದ್ದು, 16 ಆಂಪ್ ಪ್ಲಗ್‌ನಲ್ಲಿ ಓಡೋಂಥದ್ದು. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಸುಮಾರು 4.2 ಕಿಲೋಜೂಲ್ ಬೇಕು. ಗೀಸರ್ ನಿಮಿಷಕ್ಕೆ ಕೊಡೋದು 180. ಭಾಗಿಸಿದರೆ 43. ಈ 43ನ್ನ ನೀವು ಹೇಗೆ ಬೇಕಾದ್ರೂ ಹಂಚಿಕೊಳ್ಳಬಹುದು. ನಿಮಿಷಕ್ಕೆ ಎರಡೂವರೆ ಲೀಟರ್ ಬಿಟ್ಟರೆ ನೀರು 17 ಡಿಗ್ರಿ ಏರುತ್ತೆ, ಡಿಸೆಂಬರ್ ಬೆಳಗಿನ 23 ಡಿಗ್ರಿ ನೀರು 40 ಆಗುತ್ತೆ, ಸ್ನಾನಕ್ಕೆ ಹದ. ಹೋಟೆಲಿನ ಶವರ್ ಥರ ನಿಮಿಷಕ್ಕೆ ಹತ್ತು ಲೀಟರ್ ಬಿಟ್ಟರೆ ಏರೋದು ನಾಲ್ಕೇ ಡಿಗ್ರಿ. ಗೀಸರ್ ಆನ್ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ಫೋರ್ಸೂ ಬೇಕು ಬಿಸಿಯೂ ಬೇಕು ಅಂದ್ರೆ 12 ಕಿಲೋವಾಟ್ ಬೇಕು, ಹತ್ತತ್ರ 52 ಆಂಪಿಯರ್. ಮನೆ ವೈರಿಂಗ್ ಕೈ ಮುಗಿಯುತ್ತೆ. (ಏಪ್ರಿಲ್‌ನಲ್ಲಿ ಈ ಲೆಕ್ಕ ಯಾವುದೂ ಬೇಡ. ನಮ್ಮೂರಲ್ಲಿ ಆಗ ತಾರಸಿಯ ಕಪ್ಪು ಟ್ಯಾಂಕೇ ಗೀಸರ್.)

ಅಂದ್ರೆ ಈ ಗೀಸರ್‌ಗೆ ಬೇಕಾಗಿರೋದು 'ಜಾಸ್ತಿ' ನೀರಲ್ಲ, 'ಸಾಕಷ್ಟು' ನೀರು. ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1987ರಲ್ಲಿ ಒಂದು ಪ್ರಬಂಧ ಬರೆದರು. ನೀತಿಯ ದೃಷ್ಟಿಯಿಂದ ಎಲ್ಲರ ಹತ್ತಿರ ಒಂದೇ ಸಮ ಇರೋದು ಮುಖ್ಯ ಅಲ್ಲ, ಪ್ರತಿಯೊಬ್ಬರಿಗೂ ಸಾಕಾಗುವಷ್ಟು ಇರೋದು ಮುಖ್ಯ ಅನ್ನೋದು ಅವರ ವಾದ. ಅವರ ಮನಸ್ಸಲ್ಲಿದ್ದದ್ದು ದುಡ್ಡು. ಬಾತ್‌ರೂಮಿಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತೆ.

ಸಮಸ್ಯೆ ಏನಂದ್ರೆ, ಅಕ್ಕನ ಮನೆಯ ಆ 'ಸಾಕಷ್ಟು' ಎಲ್ಲಿಂದ ಬರಬೇಕು? ಹಳೇ ಮನೆ, ಸಂಪ್ ಇಲ್ಲ. ನೀರು ಬಿಟ್ಟ ದಿನ ಬೀದಿ ಪೈಪಿನ ಒತ್ತಡದಲ್ಲೇ ನೀರು ತಾರಸಿ ಮೇಲಿನ ಟ್ಯಾಂಕಿಗೆ ಹತ್ತಬೇಕು. ಟ್ಯಾಂಕಿನ ತಳಕ್ಕೂ ಶವರ್‌ಗೂ ನಡುವೆ ಒಂದೇ ಮೀಟರ್ ಅಂತರ. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚುಕಮ್ಮಿ ಒಂದು ಬಾರ್ ಒತ್ತಡ. ಅಂದ್ರೆ ಇಲ್ಲಿ ಸಿಗೋದು ಅದರ ಹತ್ತನೇ ಒಂದು ಭಾಗ. ಟ್ಯಾಂಕನ್ನ ಇನ್ನೂ ಎರಡು ಮೀಟರ್ ಮೇಲೆ ಕಟ್ಟೆ ಕಟ್ಟಿ ಕೂರಿಸಿದರೆ ಗೀಸರ್ ಖುಷಿಯಾಗಿ ಓಡುತ್ತೆ. ಆದರೆ ಅಷ್ಟು ಮೇಲಕ್ಕೆ ಬೀದಿ ನೀರು ತಾನಾಗಿ ಹತ್ತಲ್ಲ. ಹತ್ತಿಸಬೇಕಂದ್ರೆ ಬೀದಿ ಪೈಪಿಗೇ ನೇರ ಮೋಟರ್ ಕೂರಿಸಿ ಎಳೀಬೇಕು.

ಮಾಮ ಅದಕ್ಕೆ ತಯಾರಾಗಿದ್ದರು. ಅಕ್ಕನ ಗಂಡ, ಒಳ್ಳೆ ಮನುಷ್ಯ, ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟೋರಲ್ಲ.

"ಎಲ್ಲಾರೂ ಹಾಕ್ಯಾರಪ್ಪ. ನಮ್ಮ ಬೀದ್ಯಾಗ ಹತ್ತು ಮನಿಗೆ ಮೋಟರ್ ಐತಿ. ನಾನು ಹಾಕ್ಲಿಲ್ಲಂದ್ರ ಆ ನೀರು ಕೊನೀ ಮನಿಗೆ ಹೋಗ್ತಾವೇನು? ಮಗ್ಗಲ ಮನಿಯವ ಎಳಕಂತಾನ."

ಈ ಮಾತನ್ನ ನಾವು ಹಗುರಾಗಿ ತಳ್ಳಿಹಾಕಬಾರದು. ಬೆಂಗಳೂರಲ್ಲಿ ಕೂತು 'ಸಿವಿಕ್ ಸೆನ್ಸ್' ಬಗ್ಗೆ ಪೋಸ್ಟ್ ಹಾಕೋರು (ನಾನೂ ಹಾಕ್ತೀನಿ) ಈ ವಾದವನ್ನ ಎದುರಿಸೋದೇ ಇಲ್ಲ. ಮಾಮ ಹೇಳಿದ್ದು ನಿಜ. ಅವರು ಸಂಯಮ ತೋರಿಸಿದರೆ ಅದರ ಫಲ ಕೊನೆ ಮನೆಗೆ ಮುಟ್ಟಲ್ಲ, ನಡುವೆ ದೊಡ್ಡ ಮೋಟರ್ ಇರೋ ಮನೆಗೆ ಮುಟ್ಟುತ್ತೆ. ಅವರ ತ್ಯಾಗದಿಂದ ಉಪಕಾರ ಆಗೋದು ತ್ಯಾಗ ಮಾಡದವನಿಗೆ. ಹಾಗಿರುವಾಗ ಅದನ್ನ ಯಾಕೆ ಮಾಡಬೇಕು?

ಕೊನೆ ಮನೆಯಲ್ಲಿ ತಾಯಿ, ಮಗಳು ಇದ್ದಾರೆ. ಅವರದ್ದು ಓವರ್‌ಹೆಡ್ ಟ್ಯಾಂಕೂ ಇಲ್ಲ, ಸಂಪೂ ಇಲ್ಲ. ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ರಸ್ತೆ ಮಟ್ಟಕ್ಕಿಂತ ಕೆಳಗೆ ನಲ್ಲಿ ಇಟ್ಟುಕೊಂಡಿದ್ದಾರೆ. ಒತ್ತಡ ಇಲ್ಲದ ಪೈಪಲ್ಲಿ ನೀರು ಪಡೆಯೋಕೆ ಅದೊಂದೇ ದಾರಿ, ನೀವೇ ಕೆಳಗಿಳೀಬೇಕು. ಗುಂಡಿಯೊಳಗೆ ಬಗ್ಗಿ ಚೆಂಬಿನಲ್ಲಿ ಹಿಡಿದು ಕೊಡಕ್ಕೆ ಸುರಿಯೋದು. ನೀರು ಬಿಟ್ಟ ಒಂದು ದಿನ ನಾನು ಆ ಕಡೆ ಹೋದಾಗ ನಲ್ಲಿ ತೆರೆದೇ ಇತ್ತು, ಹನಿ ಬೀಳ್ತಿರಲಿಲ್ಲ. ಸುಂಯ್ ಅನ್ನೋ ಸಣ್ಣ ಸದ್ದು ಕೇಳಿಸ್ತಿತ್ತು. ಆ ಹುಡುಗಿ "ಕೈ ಇಟ್ಟು ನೋಡ್ರಿ ಅಣ್ಣ" ಅಂದಳು. ಅಂಗೈ ಇಟ್ಟೆ. ನಲ್ಲಿ ನನ್ನ ಕೈಯನ್ನ ಒಳಗೆ ಎಳೀತಿತ್ತು.

ಆ ನಲ್ಲಿ ನೀರು ಕೊಡ್ತಿಲ್ಲ ಅಷ್ಟೇ ಅಲ್ಲ, ಗಾಳಿ ಕುಡೀತಿತ್ತು. ಮೇಲಿನ ಹತ್ತು ಮೋಟರ್ ಸೇರಿ ಎಳೆಯೋ ಹೊತ್ತಿಗೆ ಪೈಪಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳಿದುಬಿಟ್ಟಿತ್ತು.

ಹಂಪಿಯಲ್ಲಿ ರಾಜರ ಆವರಣದ ಆ ಮೆಟ್ಟಿಲು ಪುಷ್ಕರಣಿಯನ್ನ ನೋಡದವರು ಕಮ್ಮಿ. ನೆಲದಡಿ ಹೂತು ಹೋಗಿದ್ದು 1980ರ ದಶಕದ ಉತ್ಖನನದಲ್ಲಿ ಮೇಲೆ ಬಂತು. ಎಲ್ಲರೂ ಅದರ ಮೆಟ್ಟಿಲ ಮುಂದೆ ಫೋಟೋ ತೆಗೆಸಿಕೊಳ್ತಾರೆ, ಅದಕ್ಕೆ ನೀರು ತರ್ತಿದ್ದ ಕಲ್ಲುಗಾಲುವೆ ಕಡೆ ಯಾರೂ ತಿರುಗಿಯೂ ನೋಡಲ್ಲ. ಕಂಬಗಳ ಮೇಲೆ ಕೂರಿಸಿದ, ತೋಡು ಕೊರೆದ ಕಲ್ಲಿನ ಉದ್ದನೆ ದೋಣಿಗಳು, ಮೇಲ್ಗಡೆ ತೆರೆದದ್ದು. ನನಗೆ ಇಷ್ಟವಾಗೋದು ಅದೇ. ಅದರಲ್ಲಿ ಒತ್ತಡ ಅನ್ನೋದೇ ಇಲ್ಲ, ಬರೀ ಇಳಿಜಾರು. ನಡುವೆ ಯಾರಾದ್ರೂ ಬಿಂದಿಗೆ ಅದ್ದಿದರೆ ಕಾಣುತ್ತೆ. ವಿಜಯನಗರದಲ್ಲಿ ಮಣ್ಣಿನ ಕೊಳವೆಗಳೂ ಇದ್ದವು, ಹಾಗಾಗಿ ಅವರು ಮುಗ್ಧರು ಅಂತೇನೂ ನಾನು ಹೇಳ್ತಿಲ್ಲ. ಅರಮನೆಗೆ ಹೋಗೋ ನೀರಿಗೆ ಬಿಂದಿಗೆ ಅದ್ದೋ ಧೈರ್ಯ ಯಾರಿಗಿತ್ತೋ, ಅದೂ ಬೇರೆ ಮಾತು. ಆದರೆ ತೆರೆದ ಕಾಲುವೆ ಮತ್ತು ಮುಚ್ಚಿದ ಪೈಪಿನ ನಡುವೆ ನೀತಿಯ ವ್ಯತ್ಯಾಸ ಒಂದಿದೆ. ಪೈಪಿನಲ್ಲಿ ನಾನು ಯಾರಿಂದ ತಗೊಂಡೆ ಅನ್ನೋದು ನನಗೇ ಕಾಣಲ್ಲ. ಮಾಮ ಕೊನೆ ಮನೆಯ ಕೊಡ ಕಿತ್ತುಕೊಳ್ಳೋ ಮನುಷ್ಯ ಅಲ್ಲವೇ ಅಲ್ಲ. ಸ್ವಿಚ್ ಒತ್ತೋದಷ್ಟೇ ಅವರ ಕೆಲಸ, ಉಳಿದದ್ದು ಭೂಮಿಯೊಳಗೆ ನಡೆಯುತ್ತೆ.

ಹಾಗಂತ ತೆರೆದಿದ್ದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಅದಕ್ಕೆ ಸಾಕ್ಷಿ ನಮ್ಮೂರಿನ ಮಗ್ಗುಲಲ್ಲೇ ಇದೆ. 1953ರಲ್ಲಿ ತುಂಗಭದ್ರಾ ಡ್ಯಾಮ್ ಸಿದ್ಧವಾದಾಗ ಎಡದಂಡೆ ಕಾಲುವೆಯ ಲೆಕ್ಕಾಚಾರ ಏನಿತ್ತು ಅಂದ್ರೆ, ಬರದ ಸೀಮೆಯ ಸಾಧ್ಯವಾದಷ್ಟು ಹೆಚ್ಚು ಹೊಲಕ್ಕೆ ಸ್ವಲ್ಪ ಸ್ವಲ್ಪ ನೀರು. ಜೋಳ, ಹತ್ತಿ, ಕಡಲೆಯಂಥ ಕಮ್ಮಿ ನೀರಿನ ಬೆಳೆ. ಯಾವ ಜಮೀನಿಗೆ ಯಾವ ಬೆಳೆ ಅಂತ ಕಾಗದದ ಮೇಲೆ ಹಂಚಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು. ಗಂಗಾವತಿ ಅಂದ್ರೆ ಅಕ್ಕಿ ಅನ್ನೋ ಹಾಗಾಯ್ತು. ಕೊನೆ ಭಾಗದಲ್ಲಿ, ರಾಯಚೂರು, ಮಾನ್ವಿ ಕಡೆ, 'ಕೊನೆ ಭಾಗಕ್ಕೆ ನೀರು ತಲುಪಿಸಿ' ಅನ್ನೋ ಹೋರಾಟ ಪ್ರತಿ ಹಂಗಾಮಿನ ಪೇಪರ್ ಸುದ್ದಿಯಾಯ್ತು. ಇಲ್ಲಿ ಕಾಲುವೆ ತೆರೆದೇ ಇದೆ, ದಂಡೆ ಮೇಲಿನ ಪಂಪ್‌ಸೆಟ್‌ಗಳು ಎಲ್ಲರಿಗೂ ಕಾಣ್ತವೆ. ಕಂಡರೂ ನಡೆಯುತ್ತೆ.

ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋ ನೀವು ಮೇಲ್ಭಾಗದ ರೈತರ ಮೇಲೆ ಸಿಟ್ಟಾಗೋ ಮುಂಚೆ ಅಡುಗೆಮನೆಯ ಅಕ್ಕಿ ಚೀಲ ನೋಡಿ. ಸೋನಾ ಮಸೂರಿ ತಿನ್ನೋ ನಾವೆಲ್ಲ ಮೊದಲ ಮನೆಯವರೇ.

ಕೆಳಗಿರೋದರ ಕಷ್ಟ ಇನ್ನೊಂದು ಥರದ್ದೂ ಇದೆ. ಕಂಪ್ಲಿಯವರನ್ನ ಕೇಳಿ. ನೀರು ಕಮ್ಮಿಯಾದರೆ ಕಾಲುವೆಯಲ್ಲಿ ಸರದಿ ಕಾಯಬೇಕು. ಜಾಸ್ತಿಯಾಗಿ ಡ್ಯಾಮಿನಿಂದ ನದಿಗೆ ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸುತ್ತು ಹಾಕಿ ಹೋಗಬೇಕು. ಮೇಲೆ ಕೂತವರಿಗೆ ಕೊರತೆಯೂ ಕಮ್ಮಿ, ಪ್ರವಾಹವೂ ಕಮ್ಮಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಮಾತ್ರ ಮೇಲು ಕೆಳಗು ಅನ್ನೋದು ಒಂದು ವಾರ ಮರೆತುಹೋಗಿತ್ತು. ಒಂದು ಕಡೆ ಬೀಳೋ ಒತ್ತಡ ಕಮ್ಮಿ ಮಾಡೋಕೆ ಉಳಿದ ಗೇಟುಗಳನ್ನೂ ತೆಗೆದು, ಮೂವತ್ಮೂರೂ ಗೇಟಿಂದ ನೀರು ಬಿಟ್ಟರು. ಕನ್ಹಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸೋವರೆಗೆ ಎರಡನೇ ಬೆಳೆಯ ಚಿಂತೆ ಗಂಗಾವತಿಗೂ ಮಾನ್ವಿಗೂ ಒಂದೇ ಆಗಿತ್ತು.

ಮೇಲಿನವರು ಕೆಳಗಿನವರಿಗೆ ಯಾಕಾದರೂ ನೀರು ಬಿಡ್ತಾರೆ ಅನ್ನೋ ಪ್ರಶ್ನೆಯನ್ನ ತುಂಬ ಗಂಭೀರವಾಗಿ ತಗೊಂಡವರು ಎಲಿನೋರ್ ಆಸ್ಟ್ರಂ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ನೇಪಾಳದ ಕಾಲುವೆಗಳನ್ನ ನೋಡಿ ಅವರು, ಅವರ ಸಂಗಡಿಗರು ಕಂಡುಕೊಂಡದ್ದು ಸ್ವಲ್ಪ ವಿಚಿತ್ರವಾಗಿದೆ. ರೈತರೇ ನಡೆಸ್ತಿದ್ದ, ಮಣ್ಣು ಕಲ್ಲಿನ ಒರಟು ಕಾಲುವೆಗಳಲ್ಲಿ ಕೊನೆ ಹೊಲಕ್ಕೆ ನೀರು ಚೆನ್ನಾಗಿ ಮುಟ್ತಿತ್ತು. ಸರ್ಕಾರ ಸಿಮೆಂಟು ಹಾಕಿ ಭದ್ರ ಮಾಡಿಕೊಟ್ಟ ಕಡೆ ಎಷ್ಟೋ ಸಲ ಅಷ್ಟು ಮುಟ್ತಿರಲಿಲ್ಲ. ಅವರು ಕೊಟ್ಟ ಕಾರಣ ಸರಳ. ಒರಟು ಕಾಲುವೆಗೆ ಪ್ರತಿವರ್ಷ ಹೂಳು ತೆಗೀಬೇಕು, ಒಡ್ಡು ಕಟ್ಟಬೇಕು, ಅದಕ್ಕೆ ಬಹಳ ಆಳು ಬೇಕು. ಮೇಲಿನವರಿಗೆ ಕೆಳಗಿನವರ ರಟ್ಟೆ ಬೇಕಿತ್ತು. ನೀರು ಬಿಡದಿದ್ದರೆ ಅವರು ಕೆಲಸಕ್ಕೆ ಬರಲ್ಲ. ಸಿಮೆಂಟು ಬಂದ ಮೇಲೆ ಆ ಅಗತ್ಯ ಹೋಯ್ತು, ಅಗತ್ಯದ ಜೊತೆಗೇ ನ್ಯಾಯವೂ ಸಡಿಲವಾಯ್ತು.

ಇದನ್ನ ಓದಿದಾಗಿನಿಂದ ನನಗೆ ಅಕ್ಕನ ಬೀದಿ ಬೇರೆ ಥರ ಕಾಣ್ತಿದೆ. ಮೊದಲ ಮನೆಗೆ ಕೊನೆಯ ಮನೆಯಿಂದ ಏನು ಬೇಕು? ಏನೂ ಬೇಡ. ಹಿಂದೆ ಮದುವೆಗೆ ಪಾತ್ರೆ ಬೇಕಿತ್ತು, ಹೆರಿಗೆಗೆ ಕೈ ಬೇಕಿತ್ತು. ಈಗ ಎಲ್ಲಾ ಆರ್ಡರ್ ಮಾಡಿದರೆ ಬರುತ್ತೆ. ಡೇವಿಡ್ ಹ್ಯೂಮ್ ಹದಿನೆಂಟನೇ ಶತಮಾನದಲ್ಲೇ ಹೇಳಿದ್ದ: ಜೌಗು ಹುಲ್ಲುಗಾವಲಿನ ನೀರು ಬಸಿಯೋಕೆ ಇಬ್ಬರು ನೆರೆಯವರು ಒಪ್ಪಂದ ಮಾಡಿಕೊಳ್ಳಬಹುದು, ಸಾವಿರ ಜನ ಮಾಡಿಕೊಳ್ಳೋಕೆ ಆಗಲ್ಲ, ಪ್ರತಿಯೊಬ್ಬನೂ ಭಾರವನ್ನ ಇನ್ನೊಬ್ಬನ ಮೇಲೆ ಹಾಕೋಕೆ ನೋಡ್ತಾನೆ ಅಂತ. ಇಪ್ಪತ್ತೆರಡು ಮನೆ ಅಂದ್ರೆ ಎರಡಕ್ಕೂ ಸಾವಿರಕ್ಕೂ ನಡುವೆ. ಮುಖ ಗೊತ್ತಿರುತ್ತೆ, ಮನೆ ಬಾಗಿಲಿಗೆ ಹೋಗಿ ಕೇಳುವಷ್ಟು ಸಲುಗೆ ಇರಲ್ಲ.

ಈ ನಡುವೆ ಪ್ಲಂಬರ್ ಬಂದ. ಸಂಡೂರು ಕಡೆಯವನು, ಮಾತು ಕಮ್ಮಿ. ಮೋಟರ್ ರೇಟು ಹೇಳ್ತಾನೆ ಅಂತ ಮಾಮ ಕಾಯ್ತಿದ್ದರೆ ಅವನು ಒಂದು ಲೀಟರ್ ಜಗ್ಗು ಕೇಳಿದ. ಶವರ್ ಕೆಳಗೆ ಹಿಡಿದು ಮೊಬೈಲಲ್ಲಿ ಎಣಿಸಿದ, ನಲವತ್ತು ಸೆಕೆಂಡು. ನಿಮಿಷಕ್ಕೆ ಒಂದೂವರೆ ಲೀಟರ್. ಗೀಸರ್‌ಗೆ ನೀರು ಹೋಗೋ ಬಾಯಿ ಬಿಚ್ಚಿದ. ಒಳಗಿನ ಜಾಲರಿ ತುಂಬ ಬಿಳೀ ಪುಡಿ. "ನಮ್ಮೂರಾಗ ಇದು ಕೆಂಪಗಿರತೈತಿ ಸರ, ಅದಿರಿನ ಧೂಳು. ಇಲ್ಲಿ ಸುಣ್ಣ." ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ತಿಕ್ಕಿದ. ಶವರ್ ತೂತುಗಳಲ್ಲಿ ಅರ್ಧ ಮುಚ್ಚಿದ್ದವು, ಅದನ್ನ ವಿನೆಗರ್‌ನಲ್ಲಿ ನೆನೆಹಾಕಿದ. ಗೋಡೆಯ ಹತ್ತಿರದ ಆಂಗಲ್ ಕಾಕ್ ಪೂರ್ತಿ ತೆರೆದೇ ಇರಲಿಲ್ಲ. ಗೀಸರ್ ಹಿಂದಿನ ಬಳುಕೋ ಪೈಪು ಮಡಚಿಕೊಂಡಿತ್ತು, ಅದನ್ನ ಬದಲಾಯಿಸಿದ.

ಇವೆಲ್ಲ ಯಾರಿಂದಲೂ ಏನೂ ತಗೊಳ್ಳದ ರಿಪೇರಿಗಳು. ಇಂಥ ಕೆಲಸಕ್ಕೆ ನಮ್ಮಲ್ಲಿ ಬೆಲೆ ಕಮ್ಮಿ. ಹೊಸದನ್ನ ತರೋದಕ್ಕಿರೋ ಉತ್ಸಾಹ ತಿಕ್ಕಿ ತೊಳೆಯೋದಕ್ಕಿಲ್ಲ. ಡ್ಯಾಮಿನದ್ದೂ ಅದೇ ಕಥೆ. 133 ಟಿಎಂಸಿಯ ಡ್ಯಾಮ್ ಹೂಳು ತುಂಬಿ ಹೆಚ್ಚುಕಮ್ಮಿ 105ಕ್ಕೆ ಇಳಿದಿದೆ. ಅಷ್ಟು ಹೂಳು ತೆಗೆಯೋದು ಬ್ರಷ್ಷಿನ ಕೆಲಸ ಅಲ್ಲ ಅನ್ನೋದು ಗೊತ್ತಿದೆ. ಆದರೂ ಉಳಿದ ನೀರಿಗಾಗಿ ಮೂರು ರಾಜ್ಯ ಜಗಳ ಆಡುವಷ್ಟು ಸದ್ದು, ಹೋದ ಸುಮಾರು 27 ಟಿಎಂಸಿ ಬಗ್ಗೆ ಕೇಳಿಸಲ್ಲ.

ಇಷ್ಟಾದ ಮೇಲೂ ಶವರ್‌ನಲ್ಲಿ ಹರಿವು ಗಡಿ ದಾಟಿತೇ ಹೊರತು ಧೈರ್ಯ ಹೇಳುವಷ್ಟಿರಲಿಲ್ಲ. ಪ್ಲಂಬರ್ ಟ್ಯಾಂಕ್ ಕಡೆ ನೋಡಿದ, ಶವರ್ ಕಡೆ ನೋಡಿದ, "ಟ್ಯಾಂಕ್ ಏರ್ಸೋದು ಬ್ಯಾಡ್ರಿ, ನಲ್ಲಿ ಇಳಿಸೂಣು" ಅಂದ. ಗೀಸರ್‌ನಿಂದ ಬರೋ ಪೈಪನ್ನ ಶವರ್‌ಗೆ ಬಿಡದೆ ಕೆಳಗಿಳಿಸಿ, ನೆಲದಿಂದ ಒಂದೂವರೆ ಅಡಿ ಮೇಲೆ ನಲ್ಲಿ ಕೂರಿಸಿದ. ಒತ್ತಡ ಲೆಕ್ಕಕ್ಕೆ ಬರೋದು ಟ್ಯಾಂಕಿನ ನೀರಿಗೂ ನೀರು ಹೊರಬೀಳೋ ಬಾಯಿಗೂ ನಡುವಿನ ಎತ್ತರದಲ್ಲಿ. ಒಂದು ಮೀಟರ್ ಇದ್ದದ್ದು ಎರಡೂವರೆ ದಾಟಿತು. ಜಗ್ಗು ಈ ಸಲ ಇಪ್ಪತ್ನಾಲ್ಕು ಸೆಕೆಂಡಿಗೆ ತುಂಬಿತು. ನೀರು ಹದವಾಗಿ ಬಿಸಿ, ಓಲಾಟ ಇಲ್ಲ. ಒಂದು ಬಕೆಟ್ ತುಂಬೋಕೆ ಆರು ನಿಮಿಷ. "ಶವರ್ ಇಲ್ಲದಂಗಾತಲ್ಲ" ಅಂತ ಅಕ್ಕ ಅತ್ತೆಯ ಮುಖ ನೋಡಿದಳು. "ಯಾತಕ್ಕ ಬೇಕವ್ವ ಶವರ್ರು? ನಾನೇನು ಮಳಿ ಕಂಡಿಲ್ಲೇನು?" ಅಂದರು ಅವರು, ಬಕೆಟ್ಟು ಚೆಂಬು ಹತ್ತಿರ ಎಳ್ಕೊಂಡು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಮೇಲೇರೋ ಬದಲು ಕೆಳಗಿಳೀರಿ ಅಂತ ಒಂದು ನೀತಿಪಾಠ ಬರೆದು ಎದ್ದುಬಿಡಬಹುದಿತ್ತು. ಆದರೆ ಅಷ್ಟೊತ್ತಿಗೆ ನನಗೆ ಕೊನೆ ಮನೆಯ ಗುಂಡಿ ನೆನಪಾಯ್ತು. ಅವರು ಆಗಲೇ ಇಳಿದಿದ್ದಾರಲ್ಲ, ರಸ್ತೆಗಿಂತ ಕೆಳಗೆ. ಕೆಳಗಿಳಿಯೋದು ನಮಗೆ ಜಾಣತನ, ಅವರಿಗೆ ಗತಿ. ಅದೂ ಅಲ್ಲದೆ ಟ್ಯಾಂಕು ವಾರಪೂರ್ತಿ ತುಂಬಿರಬೇಕು ಅನ್ನೋ ಮಾಮನ ಚಿಂತೆ ಹಾಗೇ ಇತ್ತು, ಮೋಟರ್ ಆಸೆ ಪೂರ್ತಿ ಹೋಗಿರಲಿಲ್ಲ.

ಅದನ್ನ ತಡೆದದ್ದು ನನ್ನ ವಾದ ಅಲ್ಲ. ಪ್ಲಂಬರ್ ಸಾಮಾನು ಚೀಲಕ್ಕೆ ಹಾಕ್ಕೊಳ್ತಾ ಹೇಳಿದ ಒಂದು ಮಾತು. "ಲೈನಿಗೆ ಮೋಟರ್ ಹಚ್ಚಿದ್ರ ಪೈಪ್ ಉಸಿರು ಎಳೀತೈತ್ರಿ. ಕೊನೀ ಮನಿ ಗುಂಡ್ಯಾಗ ನಿಂತ ನೀರು, ಚರಂಡಿ ನೀರು, ಎಲ್ಲಾ ಒಳಗ. ನಿಮ್ಮ ಟ್ಯಾಂಕಿಗೇ ಬರ್ತಾವು."

ಮಾಮನ ಮುಖ ನೋಡಬೇಕಿತ್ತು. ನಾನು ಅಂಗೈ ಮೇಲೆ ಅನುಭವಿಸಿದ್ದು ಇದನ್ನೇ. ನಲ್ಲಿ ಎಳೀತಿದ್ದದ್ದು ಬರೀ ಗಾಳಿ ಇರಬೇಕಿಲ್ಲ. ಒತ್ತಡ ಇಲ್ಲದ ಪೈಪಿನಲ್ಲಿ ಸೀಳು ಬಿಟ್ಟ ಪ್ರತಿ ಜಾಯಿಂಟೂ ಒಳಮುಖದ ಬಾಯಿ. ಮೊದಲ ಮನೆಗೆ ಕೊನೆ ಮನೆಯಿಂದ ಏನೂ ಬೇಡ ಅಂದುಕೊಂಡಿದ್ದೆನಲ್ಲ, ಪೈಪು ಹಾಗೆ ಅಂದುಕೊಂಡಿರಲಿಲ್ಲ. ಕೆಳಗಿನವರ ಗುಂಡಿ ಶುದ್ಧವಾಗಿರೋದು, ಅವರ ನಲ್ಲಿಯಲ್ಲಿ ನೀರು ಹೊರಮುಖವಾಗಿ ಹರೀತಿರೋದು ಮೇಲಿನವರ ಆರೋಗ್ಯಕ್ಕೇ ಬೇಕು. ಮೋಟರ್ ಹಾಕಲ್ಲ, ದುಡ್ಡು ಕೂಡಿಸಿ ಸಂಪ್ ತೋಡಿಸ್ತೀನಿ ಅಂದರು ಮಾಮ. ಸಂಪಿಗೆ ನೀರು ತಾನಾಗಿ ಬಂದು ಬೀಳುತ್ತೆ, ಆಮೇಲೆ ಸಂಪಿನಿಂದ ಎಷ್ಟು ಬೇಕಾದ್ರೂ ಎಳೀಬಹುದು. ಸಂಪಿನ ಮುಂಚೆ ಮೋಟರ್ ಇದ್ದರೆ ಅನ್ಯಾಯ, ಆಮೇಲೆ ಇದ್ದರೆ ಸ್ವಂತದ ವಿಷಯ. ನಾಲ್ಕಡಿ ಪೈಪಿನ ವ್ಯತ್ಯಾಸ. ಅಷ್ಟಾದರೂ, ಸಂಪೂ ಒಂದು ಗುಂಡಿಯೇ. ರಸ್ತೆಯಿಂದ ಆರಡಿ ಕೆಳಗಿನ ಸಂಪು ಎರಡಡಿ ಗುಂಡಿಯ ನಲ್ಲಿಗಿಂತ ಮೊದಲು ನೀರು ಕುಡಿಯುತ್ತೆ, ಸದ್ದಿಲ್ಲದೆ. ಗುರುತ್ವಾಕರ್ಷಣೆಗೆ ಯಾರೂ ದಂಡ ಹಾಕಲ್ಲ. ತುಂಬಿದ ಕೂಡಲೇ ಮುಚ್ಚಿಕೊಳ್ಳೋ ಬಾಲ್ ವಾಲ್ವ್ ಹಾಕಿಸಿ ಅಂತ ಮಾತ್ರ ನಾನು ಹಟ ಹಿಡಿದೆ.

ನನಗೆ ಕಾಡೋದು ಬೇರೆ. ಮಾಮ ಮೋಟರ್ ಬಿಟ್ಟದ್ದು ಕೊನೆ ಮನೆಯವರಿಗಾಗಿ ಅಲ್ಲ, ಚರಂಡಿ ನೀರಿನ ಹೆದರಿಕೆಗೆ. 1785ರ ಪುಸ್ತಕವೊಂದರಲ್ಲಿ ಕಾಂಟ್ ಒಬ್ಬ ಅಂಗಡಿಯವನ ಉದಾಹರಣೆ ಕೊಡ್ತಾನೆ. ಸಣ್ಣ ಮಗು ಬಂದರೂ ಅವನು ಜಾಸ್ತಿ ಬೆಲೆ ಹೇಳಲ್ಲ, ಯಾಕಂದ್ರೆ ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತೆ. ಕೆಲಸ ಸರಿಯಾದದ್ದೇ, ಆದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಅನ್ನೋದು ಕಾಂಟ್ ಮಾತು. ಕಾಲೇಜಲ್ಲಿ ಇದನ್ನ ಓದಿದಾಗ ಅತಿಯಾಯ್ತು ಅನ್ನಿಸಿತ್ತು. ಮಗುವಿಗೆ ಮೋಸ ಆಗಲಿಲ್ಲ ತಾನೇ, ಕಾರಣ ಯಾವುದಾದರೇನು? ಕೊನೆ ಮನೆಗೆ ಒಂದು ಕೊಡ ಜಾಸ್ತಿ ಸಿಕ್ಕರೆ ಮಾಮನ ಮನಸ್ಸಲ್ಲಿ ಏನಿತ್ತು ಅನ್ನೋದನ್ನ ಆ ಹುಡುಗಿ ಯಾಕೆ ಕೇಳ್ತಾಳೆ? ಆಸ್ಟ್ರಂ ಹೇಳಿದ ನೇಪಾಳದ ಮೇಲಿನ ರೈತನೂ ಸಂತ ಏನಲ್ಲ, ಅವನಿಗೆ ಆಳು ಬೇಕಿತ್ತು.

ಈಗ ಕಾಂಟ್ ಹಠ ಸ್ವಲ್ಪ ಅರ್ಥ ಆಗ್ತಿದೆ. ಅಗತ್ಯದ ಮೇಲೆ ನಿಂತ ನ್ಯಾಯ ಅಗತ್ಯ ಇರೋವರೆಗೆ ಮಾತ್ರ ನಿಲ್ಲುತ್ತೆ. ಮತ್ತು ನಾವು ಕೊಳ್ಳೋ ಮುಕ್ಕಾಲು ಪಾಲು ಸಾಮಾನಿನ ಕೆಲಸವೇ ಆ ಅಗತ್ಯಗಳನ್ನ ಒಂದೊಂದಾಗಿ ಕಡಿದು ಹಾಕೋದು. ಸಿಮೆಂಟು ಕೆಳಗಿನ ರೈತನ ರಟ್ಟೆಯಿಂದ ಬಿಡಿಸಿತು. ಮೋಟರು ಬೀದಿಯ ಒತ್ತಡದಿಂದ ಬಿಡಿಸುತ್ತೆ. ಚರಂಡಿ ನೀರಿನ ಹೆದರಿಕೆಯಿಂದ ಬಿಡಿಸೋ ಯಂತ್ರವೂ ಅಂಗಡಿಯಲ್ಲಿದೆ, ಕಂತಿನಲ್ಲಿ ಸಿಗುತ್ತೆ. ಮೊದಲ ಮನೆಗೆ ಕೊನೆ ಮನೆ ಪೂರ್ತಿ ಬೇಡವಾದ ದಿನ ಆ ಗುಂಡಿಯ ನಲ್ಲಿಗೆ ನೀರು ಬಿಡೋಕೆ ಉಳಿಯೋ ಕಾರಣ ಒಂದೇ, ಅಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಅನ್ನೋದು. ಅದು ಒಂದೇ ಕಾರಣ ಸಾಕಾಗುತ್ತಾ ಅಂತ ನಾನು ಮಾಮನನ್ನ ಕೇಳಿಲ್ಲ. ಕೇಳೋದಾದ್ರೆ ನನ್ನ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬಗ್ಗೆಯೂ ಅವರು ಕೇಳಬಹುದು.

ಹೋದ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಅತ್ತೆಯ ಮಂಡಿ ಪರವಾಗಿಲ್ಲವಂತೆ. ಸಂಪ್ ತೋಡಿಸೋದು ಬೇಸಿಗೆಗೆ ಹೋಗಿದೆ, ಅಂಗಳ ಅಗೆಯೋಕೆ ಬಹಳ ಖರ್ಚು ಹೇಳಿದರಂತೆ. ಮಾಮ ಪಕ್ಕದಲ್ಲೇ ಇದ್ದರು, ಫೋನ್ ಇಸ್ಕೊಂಡು ಕೇಳಿದರು: "ಅಲ್ಲಿ ಬೆಂಗ್ಳೂರಾಗ ಆರ್‌ಓ ಫಿಲ್ಟರಿಗೆ ಎಷ್ಟು ನಡದೈತಪ್ಪ ರೇಟು?"